ಮುಳ್ಳು ಕೆಳಗಿದೆ, ಎಂಜಿನ್ ಕುದಿಯುತ್ತಿದೆ

ಹಳೆ ಜೀಪಿಗೆ ಬೇರೆ ಎಂಜಿನ್ ಕೂರಿಸುವವರು ಮೌಂಟಿಂಗ್, ಗೇರ್‌ಬಾಕ್ಸ್, ಸೈಲೆನ್ಸರ್ ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ. ಟೆಂಪರೇಚರ್ ಸೆನ್ಸರ್ ವಿಷಯ ಬಂದರೆ ಮಾತ್ರ, "ಎಲ್ಲ್ಯರ ನೀರ್ ಹರಿಯೋ ಕಡೆ ಹಾಕ್ರಿ, ಮುಗೀತು" ಅಂದುಬಿಡುತ್ತಾರೆ. ಆಮೇಲೆ ಬಂಪರ್‌ಗೆ ನಿಂಬೆಹಣ್ಣು, ಮೆಣಸಿನಕಾಯಿ. ಕಟ್ಟಲಿ, ಬೇಡ ಅನ್ನಲ್ಲ. ಆದರೆ ಗೋವಾದಿಂದ ಚೋರ್ಲಾ ಘಾಟ್ ಹತ್ತಿ ಕಣಕುಂಬಿ ಕಡೆ ಬರುವಾಗ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್‌ಗೂ ನಡುವಿನ ಸೀಲು) ಉಳಿಸುವುದು ನಿಂಬೆಹಣ್ಣಲ್ಲ. (ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಬೇಕು, ಅದನ್ನು ಮೊದಲೇ ಮಾಡಿಸಿಕೊಳ್ಳಿ.)

ಸೆನ್ಸರ್ ಅಂದರೆ ಹಿತ್ತಾಳೆಯ ಚಿಕ್ಕ ಬೋಲ್ಟಿನಂತೆ ಕಾಣುವ ಸಾಮಾನು. ಒಳಗೆ ಥರ್ಮಿಸ್ಟರ್ ಎಂಬ ಪುಟ್ಟ ಬಿಲ್ಲೆ. ತಾಮ್ರದ ತಂತಿ ಕಾದರೆ ರೆಸಿಸ್ಟೆನ್ಸ್ (ಕರೆಂಟಿಗೆ ಅಡ್ಡಿ) ಏರುತ್ತದೆ, ಇದರಲ್ಲಿ ಇಳಿಯುತ್ತದೆ. ಆ ಏರಿಳಿತ ನೋಡಿಯೇ ಗೇಜಿನ ಮುಳ್ಳು ಬಿಸಿ ತೋರಿಸುತ್ತದೆ. ಈ ಉಲ್ಟಾ ಗುಣವನ್ನು ಮೈಕೆಲ್ ಫ್ಯಾರಡೆ 1833ರಲ್ಲೇ ಬೆಳ್ಳಿಯ ಸಲ್ಫೈಡ್‌ನಲ್ಲಿ ಕಂಡಿದ್ದ. ಪಾಪ, ಈ ಬಿಲ್ಲೆಗೆ ಎಂಜಿನ್ ಗೊತ್ತಿಲ್ಲ. ತನ್ನ ತುದಿಗೆ ಏನು ತಾಗಿದೆಯೋ ಅದರ ಬಿಸಿ ಮಾತ್ರ ಗೊತ್ತು.

ಹಾಗಾಗಿ ತುದಿಗೆ ಗಾಳಿ ತಾಗಿದರೆ ಕೆಲಸ ಕೆಟ್ಟಿತು. ಕಾದ ರೊಟ್ಟಿ ಹಂಚಿನ ಮೇಲೆ ಒಂದು ಗೇಣು ಎತ್ತರದಲ್ಲಿ ಕೈ ಹಿಡಿದರೆ ಸ್ವಲ್ಪ ಹೊತ್ತು ತಾಳಬಹುದು, ಹಂಚಿಗೇ ತಾಗಿದರೆ ಚುರ್ ಅನ್ನುತ್ತದೆ, ಅಲ್ವಾ? ಗಾಳಿ ಶಾಖವನ್ನು ಅಷ್ಟು ಸೋಮಾರಿಯಾಗಿ ದಾಟಿಸುತ್ತದೆ. ಬದಲಿಸಿದ ಎಂಜಿನ್ ಎಷ್ಟೋ ಸಲ ಹಳೆಯದಕ್ಕಿಂತ ಎತ್ತರ ಕೂರುತ್ತದೆ. ನೀರು ಹೊರಬರುವ ಬಾಯಿ ರೇಡಿಯೇಟರ್ ಮುಚ್ಚಳಕ್ಕಿಂತ ಮೇಲೆ ಹೋಗುತ್ತದೆ. ಗಾಳಿ ಅಲ್ಲೇ ಸೇರಿಕೊಳ್ಳುತ್ತದೆ, ಸೆನ್ಸರ್ರೂ ಅಲ್ಲೇ ಇರುತ್ತದೆ. ಒಳಗೆ ನೀರು ಕುದಿಯುತ್ತಿದ್ದರೂ ಮುಳ್ಳು ಕೆಳಗೇ ನಿಲ್ಲುತ್ತದೆ, ಇಲ್ಲವೇ ಸುಮ್ನೆ ಮೇಲೆ ಕೆಳಗೆ ಕುಣಿಯುತ್ತದೆ. ಇದಕ್ಕೆ ಮದ್ದು, ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಗಾಳಿ ಬಿಡುವ ಒಂದು ಸ್ಕ್ರೂ ಅಥವಾ ಸಣ್ಣ ಪೈಪು.

ಇನ್ನೊಂದು ಜನಪ್ರಿಯ ಉಪಾಯ ಇದೆ. ಎಂಜಿನ್‌ನಿಂದ ರೇಡಿಯೇಟರ್‌ಗೆ ಹೋಗುವ ಮೇಲಿನ ಹೋಸ್ ಪೈಪನ್ನು ಮಧ್ಯದಲ್ಲಿ ಕತ್ತರಿಸಿ, ಲೇಥ್‌ನಲ್ಲಿ ಮಾಡಿಸಿದ ಅಲ್ಯೂಮಿನಿಯಂ ತುಂಡು ಸೇರಿಸಿ, ಅದಕ್ಕೆ ಸೆನ್ಸರ್ ಹಾಕುವುದು. ನೋಡಲು ಚೆಂದ. ಆದರೆ ಸಾಮಾನ್ಯವಾಗಿ ಆ ಪೈಪು ಥರ್ಮೋಸ್ಟಾಟ್‌ನ (ನೀರು ಕಾದ ಮೇಲೆ ತಾನೇ ತೆರೆದು ರೇಡಿಯೇಟರ್‌ಗೆ ಬಿಡುವ ಕವಾಟ) ಆಚೆ ಬದಿ. ಥರ್ಮೋಸ್ಟಾಟ್ ಮುಚ್ಚಿಯೇ ಸಿಕ್ಕಿಕೊಂಡರೆ ಬಿಸಿನೀರು ಅಲ್ಲಿಗೆ ಬರುವುದೇ ಇಲ್ಲ. ಹೆಡ್ ಬಾಗುವವರೆಗೂ ಗೇಜು "ತಣ್ಣಗಿದೆ" ಅನ್ನುತ್ತಿರುತ್ತದೆ. ಮೇಲಾಗಿ ಎರಡೂ ಕಡೆ ರಬ್ಬರ್. ಒಂದೇ ವೈರಿನ ಸೆನ್ಸರ್‌ಗೆ ಅರ್ಥಿಂಗ್, ಅಂದರೆ ಎಂಜಿನ್ ಲೋಹದ ಮೂಲಕ ಕರೆಂಟು ವಾಪಸ್ ಹೋಗುವ ದಾರಿ, ಎಲ್ಲಿಂದ ಸಿಗಬೇಕು? ಆ ತುಂಡಿನಿಂದ ಎಂಜಿನ್‌ಗೆ ಬೇರೆ ವೈರ್ ಎಳೆಯಲೇಬೇಕು. ನನ್ನ ಮಟ್ಟಿಗೆ ಸರಿಯಾದ ಜಾಗ ಒಂದೇ: ಹೆಡ್‌ನಿಂದ ನೀರು ಹೊರಬರುವಲ್ಲಿ, ಥರ್ಮೋಸ್ಟಾಟ್‌ಗಿಂತ ಮೊದಲು, ತುದಿ ಹರಿವಿನೊಳಗೆ ಚಾಚಿರಬೇಕು.

ಜಾಗ ಸಿಕ್ಕಿತು, ಥ್ರೆಡ್ ಕೂಡಬೇಕಲ್ಲ. ಇಲ್ಲಿ ಹಳೆ ಜಗಳವೊಂದಿದೆ. ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ 1841ರಲ್ಲಿ ಥ್ರೆಡ್ಡಿನ ಕೋನ 55 ಡಿಗ್ರಿ ಇರಲಿ ಅಂದ. ಅಮೆರಿಕದ ವಿಲಿಯಂ ಸೆಲ್ಲರ್ಸ್ 1864ರಲ್ಲಿ 60 ಡಿಗ್ರಿ ಅಂದ. ಅವರು ಹೋದರು, ಜಗಳ ಉಳಿಯಿತು. 1/8 ಇಂಚಿನ ಬ್ರಿಟಿಷ್ ಪೈಪ್ ಥ್ರೆಡ್ಡಿಗೆ ಇಂಚಿಗೆ 28 ಸುತ್ತು, ಅಮೆರಿಕದ್ದಕ್ಕೆ 27. ದಪ್ಪದಲ್ಲಿ ಸುಮಾರು ಅರ್ಧ ಮಿಲಿಮೀಟರ್ ವ್ಯತ್ಯಾಸ. ಒಂದನ್ನು ಇನ್ನೊಂದರಲ್ಲಿ ತಿರುಗಿಸಿದರೆ ಒಂದೆರಡು ಸುತ್ತು ಆರಾಮಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. "ಬಿಗಿಯಾತು" ಅಂತ ಪಾನಾ ಹಾಕಿ ಜಗ್ಗಿದರೆ ಅಲ್ಯೂಮಿನಿಯಂ ಥ್ರೆಡ್ ಹರಿಯುತ್ತದೆ. ಬೆಳಗಾವಿಯ ಉದ್ಯಮಬಾಗ್‌ನ ಲೇಥ್ ಅಂಗಡಿಗೆ ಹೋಗುವಾಗ ಬರೀ ಅಳತೆ ಒಯ್ಯಬೇಡಿ, ಸೆನ್ಸರ್ರನ್ನೇ ಒಯ್ಯಿರಿ. ಮೊದಲು ಪಿಚ್ ಗೇಜ್ (ಥ್ರೆಡ್ಡಿನ ಸುತ್ತು ಅಳೆಯುವ ಸಾಧನ) ಹಿಡಿದು ನೋಡಲು ಹೇಳಿ.

ಹಳೆ ಜೀಪಿನ ಗೇಜಿಗೆ ಹೊಸ ಎಂಜಿನ್‌ನ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸೆನ್ಸರ್ ಜೋಡಿಸಬೇಡಿ, ಎರಡರ ರೆಸಿಸ್ಟೆನ್ಸ್ ಲೆಕ್ಕವೇ ಬೇರೆ. ಗೇಜಿಗೆ ಅದರದೇ ಸೆನ್ಸರ್ ಇರಲಿ. ಅನುಮಾನವಿದ್ದರೆ ಪಾತ್ರೆಯಲ್ಲಿ ನೀರು ಕುದಿಸಿ, ಸೆನ್ಸರ್ ತುದಿ ಅದ್ದಿ, ಸೆನ್ಸರ್‌ನ ಲೋಹದ ಮೈಗೆ ವೈರಿನಿಂದ ಅರ್ಥಿಂಗ್ ಕೊಟ್ಟು ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97–98 ಡಿಗ್ರಿಗೇ ಕುದಿಯುತ್ತದೆ. ಆ ಲೆಕ್ಕ ಹಿಡಿಯಿರಿ.

ವಿಜಯಪುರದ ಬೇಸಿಗೆಗೆ ಹೆದರಿ ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವವರಿದ್ದಾರೆ. ಇದು ನನಗೆ ನಿಜಕ್ಕೂ ತಲೆನೋವಿನ ವಿಷಯ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರದೇ ಇನ್ನೊಂದು ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಕಿತ್ತರೆ ಆ ದಾರಿ ಸದಾ ತೆರೆದೇ ಇರುತ್ತದೆ. ಒಂದಷ್ಟು ಕಾದ ನೀರು ರೇಡಿಯೇಟರ್ ಮುಖ ನೋಡದೆ ಎಂಜಿನ್‌ಗೇ ವಾಪಸ್ ಹೋಗುತ್ತದೆ. ಘಾಟಿನಲ್ಲಿ ಗಾಡಿ ಇನ್ನೂ ಜಾಸ್ತಿ ಕಾಯುತ್ತದೆ. ಅದೇ ಕುದಿಯುವ ಪಾತ್ರೆಗೆ ಥರ್ಮೋಸ್ಟಾಟನ್ನೂ ಹಾಕಿ ನೋಡಿ. ಮೇಲೆ 82 (ಅದು ಬಾಯಿ ಬಿಡಬೇಕಾದ ಡಿಗ್ರಿ) ಅಂತ ಬರೆದಿದ್ದು ಕುದಿಯುವ ನೀರಿನಲ್ಲೂ ಬಾಯಿ ಬಿಡಲಿಲ್ಲ ಅಂದರೆ, ಹೊಸದು ತನ್ನಿ.