ನೂರೊಂದನೆಯ ಕೆಲಸಗಾರ್ತಿಯ ಲೆಕ್ಕ

ಕನಿಷ್ಠ ವೇತನ ಪರಿಷ್ಕರಣೆಯ ಸುದ್ದಿ ಬಂದಾಗಲೆಲ್ಲ ಬೆಂಗಳೂರಿನಲ್ಲಿ ಒಂದೇ ವಾದ ಕೇಳಿಬರುತ್ತದೆ: ಟೊಮೆಟೊ ಬೆಲೆ ಏರಿದರೆ ಕೊಳ್ಳುವವರು ಕಡಿಮೆಯಾಗುವಂತೆ, ಕೂಲಿ ಏರಿದರೆ ಕೆಲಸ ಕೊಡುವವರೂ ಕಡಿಮೆಯಾಗುತ್ತಾರೆ. ಕೃಷ್ಣರಾಜ ಮಾರುಕಟ್ಟೆಯಲ್ಲಿ ಟೊಮೆಟೊ ಕೊಳ್ಳುವವರು ಸಾವಿರಾರು ಮಂದಿ; ಅವರಲ್ಲಿ ಯಾರೊಬ್ಬರೂ ಬೆಲೆ ಗೊತ್ತುಮಾಡಲಾರರು. ಆದರೆ ಬೊಮ್ಮನಹಳ್ಳಿಯಲ್ಲೋ ಪೀಣ್ಯದಲ್ಲೋ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳಿಗೆ, ಮಕ್ಕಳನ್ನೂ ಅಡುಗೆಯನ್ನೂ ಸಂಭಾಳಿಸಿಕೊಂಡು ಹೋಗಿಬರಬಹುದಾದ ಕಾರ್ಖಾನೆಗಳು ಬೆರಳೆಣಿಕೆಯಷ್ಟು. ಆದ್ದರಿಂದ ಅಲ್ಲಿ ಕೂಲಿಯನ್ನು ಬಹುಮಟ್ಟಿಗೆ ಮಾಲೀಕನೇ ಗೊತ್ತುಮಾಡುತ್ತಾನೆ. ಇಂತಹ ಮಾರುಕಟ್ಟೆಯ ಸ್ವರೂಪವನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲೇ ವಿಶ್ಲೇಷಿಸಿದ್ದರು.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ತಿಂಗಳಿಗೆ 12,000 ರೂಪಾಯಿಯಂತೆ 100 ಮಂದಿ ದುಡಿಯುವ ಕಾರ್ಖಾನೆಗೆ ಇನ್ನೊಬ್ಬಾಕೆ ಬೇಕಾಗಿದ್ದಾಳೆ. ದೂರದಿಂದ ಬರಬೇಕಾದ ಆಕೆ 12,100ಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ. ಅದನ್ನು ಕೊಟ್ಟರೆ ಹಳಬರಿಗೂ ಅಷ್ಟೇ ಕೊಡದೆ ವಿಧಿಯಿಲ್ಲ. ಹಾಗಾಗಿ ನೂರೊಂದನೆಯವಳಿಂದ ಬೀಳುವ ಖರ್ಚು ಅವಳ 12,100 ಮತ್ತು ಉಳಿದವರಿಗೆ ತಲಾ ನೂರರಂತೆ 10,000, ಒಟ್ಟು 22,100 ರೂಪಾಯಿ. ಆಕೆಯ ದುಡಿಮೆಯಿಂದ ಬರುವುದು 18,000 ಮಾತ್ರವಾದರೆ ಮಾಲೀಕ ಅವಳನ್ನು ಸೇರಿಸಿಕೊಳ್ಳುವುದಿಲ್ಲ. ಈಗ ಸರ್ಕಾರ ಕನಿಷ್ಠ ವೇತನವನ್ನು 12,500 ಎಂದು ನಿಗದಿಪಡಿಸಿತೆನ್ನಿ. ಹಳಬರಿಗೆ ಹೇಗೂ ಅಷ್ಟು ಕೊಡಲೇಬೇಕಾದ್ದರಿಂದ, ಹೊಸಬಳನ್ನು ಸೇರಿಸಿಕೊಳ್ಳಲು ತಗಲುವುದು ಬರೀ 12,500. ಕೂಲಿ ಏರಿತು, ಜೊತೆಗೆ ಕೆಲಸವೂ ಒಂದು ಹೆಚ್ಚಿತು! ಅರ್ಥಶಾಸ್ತ್ರದಲ್ಲಿ ಇದಕ್ಕಿಂತ ಸೊಗಸಾದ ತಿರುವನ್ನು ನಾನು ಕಂಡಿಲ್ಲ. ನಿಗದಿಯಾದ ವೇತನ 18,000 ದಾಟಿದರೆ ಮಾತ್ರ ಲೆಕ್ಕ ಮಗುಚಿಬಿದ್ದು, ಹಳಬರ ಕೆಲಸಕ್ಕೂ ಕುತ್ತು ಬರುತ್ತದೆ.

ಇದು ಕಾಗದದ ಮೇಲಿನ ಚಮತ್ಕಾರವಷ್ಟೇ ಅಲ್ಲ. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂ ಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ಕೂಲಿಯನ್ನು 4.25 ಡಾಲರಿನಿಂದ 5.05ಕ್ಕೆ ಏರಿಸಿತು, ನೆರೆಯ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಹೋಲಿಸಿದಾಗ, ನ್ಯೂ ಜೆರ್ಸಿಯಲ್ಲಿ ಕೆಲಸ ಕಡಿಮೆಯಾದ ಲಕ್ಷಣ ಕಾಣಲಿಲ್ಲ. ಸಂಬಳದ ದಾಖಲೆಗಳನ್ನು ಮುಂದಿಟ್ಟು ನ್ಯೂಮಾರ್ಕ್ ಮತ್ತು ವಾಷರ್ ಎಂಬ ಇನ್ನಿಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಪ್ರಶ್ನಿಸಿದರು. ವಾದ ದಶಕಗಳ ಕಾಲ ನಡೆಯಿತು. 2021ರಲ್ಲಿ ಕಾರ್ಡ್ ನೊಬೆಲ್ ಪುರಸ್ಕಾರ ಪಡೆದರು.

ಆದರೆ ಈ ಫಲಿತಾಂಶವನ್ನು ನಮ್ಮ ಗಾರ್ಮೆಂಟ್ಸ್‌ಗೆ ಹಾಗೆಯೇ ಅನ್ವಯಿಸುವಂತಿಲ್ಲ. ನ್ಯೂ ಜೆರ್ಸಿಯ ಬರ್ಗರ್ ನ್ಯೂ ಜೆರ್ಸಿಯಲ್ಲೇ ಮಾರಾಟವಾಗಬೇಕು. ಇಲ್ಲಿ ಹೊಲಿದ ಅಂಗಿಯ ದರವನ್ನು ವಿದೇಶಿ ಬ್ರ್ಯಾಂಡುಗಳು ಢಾಕಾದ ದರದೊಡನೆ ತೂಗಿನೋಡುತ್ತವೆ. ಕರ್ನಾಟಕದಲ್ಲಿ ಕನಿಷ್ಠ ವೇತನ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗಿದ್ದು, ಕಾರ್ಖಾನೆಗಳು ಮಂಡ್ಯ ಜಿಲ್ಲೆಯಂತಹ ಕಡೆಗಳಿಗೆ ಸರಿಯಲು ಅದೂ ಒಂದು ಕಾರಣ. ಮುನ್ನೂರಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಡವೆಂಬ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಿಂದ ಉದ್ಯೋಗ ಚಿಮ್ಮುತ್ತದೆಂಬ ಭರವಸೆಯೂ ನನಗೆ ಅತಿಯೆನಿಸುತ್ತದೆ. ಹಿಂದಿನ ನೂರರ ಮಿತಿಯಿಂದಲೂ ಉದ್ಯಮಗಳು ಗುತ್ತಿಗೆ ಕಾರ್ಮಿಕರ ಮೂಲಕ ನುಣುಚಿಕೊಳ್ಳುತ್ತಲೇ ಇದ್ದವು.

ಹಾಗಾದರೆ ವೇತನ ಎಷ್ಟಿರಬೇಕು? 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಇದನ್ನು ಕುಟುಂಬದ ಅಗತ್ಯದಿಂದ ಅಳೆಯಿತು: ಮೂರು ಬಳಕೆ ಘಟಕಗಳು (ಗಂಡ, ಹೆಂಡತಿ, ಇಬ್ಬರು ಮಕ್ಕಳ ಕುಟುಂಬ ಮೂವರು ವಯಸ್ಕರಿಗೆ ಸಮವೆಂಬ ಎಣಿಕೆ), ದಿನಕ್ಕೆ ತಲಾ 2,700 ಕ್ಯಾಲೊರಿ ಆಹಾರ, ಇಡೀ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಈ ಅಳತೆಗೂ ಮಾಲೀಕನ 18,000ದ ಲೆಕ್ಕಕ್ಕೂ ಸಂಬಂಧವಿಲ್ಲ. ಒಂದು ಬದುಕಲು ಬೇಕಾದದ್ದು, ಇನ್ನೊಂದು ದುಡಿಮೆಯಿಂದ ಹುಟ್ಟಿದ್ದು. 2019ರ ವೇತನ ಸಂಹಿತೆ, ಯಾವ ರಾಜ್ಯವೂ ಇಳಿಯಬಾರದ ತಳಮಟ್ಟವನ್ನು ನಿಗದಿಪಡಿಸುವ ಅಧಿಕಾರವನ್ನು ಕೇಂದ್ರಕ್ಕೆ ನೀಡಿದೆ. ಕಡಿಮೆ ಕೂಲಿಯ ಊರು ಹುಡುಕಿಕೊಂಡು ಕಾರ್ಖಾನೆಗಳು ರಾಜ್ಯದಿಂದ ರಾಜ್ಯಕ್ಕೆ ಹೋಗುವುದನ್ನು ಅದು ತಡೆಯಬಲ್ಲದು, ಆದರೆ 2017ರಲ್ಲಿ ಕಾಯ್ದೆಯ ಬಲವಿಲ್ಲದೆ ಸೂಚಿಸಿದ್ದ ದಿನಕ್ಕೆ 176 ರೂಪಾಯಿಯಂತಹ ಮೊತ್ತದಿಂದ ಅದು ಸಾಧ್ಯವಿಲ್ಲ.