ಟ್ರಂಪೆಟ್ ಊದಿದ್ರೆ ಸೌಂಡ್ ಹಿಂಡಿದ ಹಾಗೆ ಬರುತ್ತೆ, ಉಸಿರೂ ಸಾಲಲ್ಲ, ಯಾಕೆ?

ಬ್ಯಾಂಡಿಗೆ ಹೊಸದಾಗಿ ಸೇರಿದವ್ರು ಈ ಪ್ರಶ್ನೆ ತುಂಬಾ ಕೇಳ್ತಾರೆ, ಜೊತೆಗೆ "ಹೊಟ್ಟೆ ಗಟ್ಟಿ ಹಿಡಿದು ಡಯಾಫ್ರಮ್‌ನಿಂದ ಊದು ಅಂದ್ರು, ಹಾಗೇ ಮಾಡ್ತಿದೀನಿ" ಅಂತಾನೂ ಸೇರಿಸ್ತಾರೆ. ನನ್ನ ಪ್ರಕಾರ ತೊಂದರೆ ಶುರುವಾಗೋದೇ ಅಲ್ಲಿ. ಡಯಾಫ್ರಮ್ ಅಂದ್ರೆ ಎದೆಗೂ ಹೊಟ್ಟೆಗೂ ಮಧ್ಯೆ ಇರೋ, ಉಸಿರು ಒಳಗೆ ಎಳ್ಕೊಳ್ಳೋ ಸ್ನಾಯು, ಹೊರಗೆ ತಳ್ಳೋದು ಹೊಟ್ಟೆ ಮತ್ತೆ ಪಕ್ಕೆಲುಬಿನ ಸ್ನಾಯುಗಳು. ಹೊಟ್ಟೆ ಕಲ್ಲಿನ ಹಾಗೆ ಬಿಗಿ ಮಾಡಿದ್ರೆ ಡಯಾಫ್ರಮ್ ಕೆಳಗಿಳಿಯೋಕೆ ಜಾಗ ಇರಲ್ಲ, ಗಾಳಿ ಅರ್ಧಂಬರ್ಧ ತುಂಬುತ್ತೆ, ಮೇಲೆ ಗಂಟಲೂ ಮುಚ್ಕೊಳ್ಳುತ್ತೆ, ಮೂಟೆ ಎತ್ತೋವಾಗ ಉಸಿರು ಕಟ್ತೀವಲ್ಲ ಹಾಗೆ. ಗಾಳಿ ಸರಾಗವಾಗಿ ಹರಿದ್ರೇನೇ ತುಟಿ ಚೆನ್ನಾಗಿ ಅದುರೋದು, ಅದು ಸಾಲದೆ ಇದ್ದಾಗ ನಾವು ವಾದ್ಯದ ತುದಿಯಲ್ಲಿ ಬಾಯಿಗಿಡೋ ಮೌತ್‌ಪೀಸ್‌ನ ತುಟಿಗೆ ಒತ್ತೋಕೆ ಶುರು ಮಾಡ್ತೀವಿ, ಸೌಂಡ್ ಇನ್ನೂ ತೆಳ್ಳಗಾಗುತ್ತೆ.

ಅಮೆರಿಕದ ಷಿಕಾಗೋ ಸಿಂಫನಿ ಆರ್ಕೆಸ್ಟ್ರಾದಲ್ಲಿ 1944ರಿಂದ 1988ರವರೆಗೆ ಟ್ಯೂಬಾ (ಟ್ರಂಪೆಟ್ ಥರಾನೇ ಊದೋ, ತುಂಬಾ ದೊಡ್ಡ ಹಿತ್ತಾಳೆ ವಾದ್ಯ) ನುಡಿಸಿದ ಆರ್ನಾಲ್ಡ್ ಜೇಕಬ್ಸ್ ಅವರ ಶ್ವಾಸಕೋಶದ ಸಾಮರ್ಥ್ಯ ಕಮ್ಮಿ ಇತ್ತು, ಆದ್ರೂ ಅಷ್ಟು ದೊಡ್ಡ ವಾದ್ಯ ತುಂಬಿಸ್ತಿದ್ರು! ಸ್ನಾಯು ಬಗ್ಗೆ ಯೋಚಿಸ್ಬೇಡಿ, ಮನಸ್ಸಲ್ಲಿ ಹಾಡು ಇರಲಿ, ಗಾಳಿ ಹರಿಯಲಿ ಅನ್ನೋದು ಅವರು ಕಲಿಸಿದ್ದರ ತಿರುಳು.

ನೀವು ಗಮನಿಸಬೇಕಾದ ಜಾಗ ಉಸಿರು ತಿರುಗೋ ಆ ಒಂದು ಕ್ಷಣ. ಎಳ್ಕೊಂಡು, ತಡೆದು, ಆಮೇಲೆ "ಠಪ್" ಅಂತ ಬಿಟ್ರೆ ಗಂಟಲು ಬೀಗ ಹಾಕ್ಕೊಂಡಿರುತ್ತೆ. ಉಯ್ಯಾಲೆ ಮೇಲೆ ಹೋಗಿ ನಿಲ್ಲದೆ ವಾಪಸ್ ಬರುತ್ತಲ್ಲ, ಹಾಗೆ ತಿರುಗಬೇಕು. ಆಕಳಿಸೋ ಹಾಗೆ ಬಾಯೊಳಗೆ ಜಾಗ ಮಾಡ್ಕೊಂಡು ನಾಲ್ಕು ಎಣಿಕೆ ಒಳಗೆ, ನಾಲ್ಕು ಎಣಿಕೆ ಹೊರಗೆ, ಭುಜ ಏರಿಸದೆ, ಮೊದಲು ವಾದ್ಯ ಇಲ್ಲದೇನೇ ಮಾಡಿ. ಅಜ್ಜಿ ಊದುಗೊಳವೆಯಲ್ಲಿ ಒಲೆ ಊದೋದು ನೋಡಿದ್ರೆ ಗೊತ್ತಾಗುತ್ತೆ, ಕತ್ತಿನ ನರ ಉಬ್ಬಿಸಲ್ಲ, ಒಂದೇ ಸಮ ಊದ್ತಾರೆ.

ಇನ್ನೊಂದು, ಉಸಿರು ಪೂರ್ತಿ ಖಾಲಿ ಆಗೋವರೆಗೂ ಊದ್ತಾ ಹೋಗಬೇಡಿ. ಎದೆ ತುಂಬಿದಾಗ ಗಾಳಿ ತಾನಾಗೇ ಹೊರಗೆ ಬರೋಕೆ ನೋಡುತ್ತೆ, ತಳಕ್ಕೆ ಬಂದ ಮೇಲೆ ಹಿಂಡಬೇಕು, ಆಗ್ಲೇ ಮೈಯೆಲ್ಲಾ ಬಿಗಿಯಾಗೋದು. ಹಾಡಿನ ಸಾಲಿನ ಮಧ್ಯ ಎಲ್ಲಿ ಉಸಿರು ತಗೋಬೇಕು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕ್ಕೊಳ್ಳಿ, ಆ ಸಾಲನ್ನ ಮೊದಲು ಬಾಯಲ್ಲಿ ಹಾಡಿ, ಆಮೇಲೆ ಊದಿ. ತಲೆ ಸುತ್ತಿದ್ರೆ ವಾದ್ಯ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತ್ಕೊಳ್ಳಿ.