ತೊಳೆಯುವಾಗಲೇ ಹುಟ್ಟುವ ಕೊಳೆ

ಮೂರು ದಿನ ಬರೀ ರಸ ಕುಡಿದು ದೇಹದ ವಿಷವನ್ನೆಲ್ಲ ಹೊರಹಾಕುತ್ತೇವೆ ಎನ್ನುವ ‘ಡಿಟಾಕ್ಸ್’ ಪಥ್ಯಗಳನ್ನು ನಂಬುವವರನ್ನು ದಡ್ಡರೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಅವರಿಗೆ ಕಣ್ಣಾರೆ ಕಂಡ ಸಾಕ್ಷ್ಯವಿರುತ್ತದೆ. ತೂಕ ಇಳಿದಿರುತ್ತದೆ, ಕೆಲವರಿಗಂತೂ ಮಲದಲ್ಲಿ ‘ಕಲ್ಲು’ಗಳೇ ಬಿದ್ದಿರುತ್ತವೆ. ಆ ಸಾಕ್ಷ್ಯ ಹುಟ್ಟಿದ್ದೆಲ್ಲಿ ಎಂಬುದು ಮಾತ್ರ ಬಲು ಸ್ವಾರಸ್ಯದ ಪ್ರಶ್ನೆ.

2005ರಲ್ಲಿ ನ್ಯೂಜಿಲೆಂಡಿನ ಇಬ್ಬರು ತಜ್ಞರು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪ್ರಕರಣವನ್ನು ವರದಿ ಮಾಡಿದರು. ಪಿತ್ತಕೋಶದಲ್ಲಿ ಸಣ್ಣ ಕಲ್ಲುಗಳಿದ್ದ 40 ವರ್ಷದ ಮಹಿಳೆಯೊಬ್ಬರು ಯಾರದೋ ಸಲಹೆಯಂತೆ ಸಂಜೆ ಆರರವರೆಗೆ ಸೇಬು ಮತ್ತು ತರಕಾರಿಯ ರಸದಲ್ಲೇ ಕಳೆದು, ಬಳಿಕ 600 ಮಿಲಿಲೀಟರ್ ಆಲಿವ್ ಎಣ್ಣೆಯನ್ನೂ 300 ಮಿಲಿಲೀಟರ್ ನಿಂಬೆರಸವನ್ನೂ ಕುಡಿದಿದ್ದರು. ಮರುದಿನ ಬೆಳಿಗ್ಗೆ ಹಸಿರು ಬಣ್ಣದ ಮೆತ್ತನೆಯ ಉಂಡೆಗಳು ನೋವಿಲ್ಲದೆ ಹೊರಬಂದವು. ಅವನ್ನು ಅವರು ಫ್ರೀಜರಿನಲ್ಲಿ ಜೋಪಾನವಾಗಿಟ್ಟು ವೈದ್ಯರಿಗೆ ತಂದು ತೋರಿಸಿದರು. ಪಿತ್ತಗಲ್ಲುಗಳಲ್ಲಿ ಸಿಗಬೇಕಾದ ಕೊಲೆಸ್ಟರಾಲ್, ಬಿಲಿರುಬಿನ್, ಕ್ಯಾಲ್ಸಿಯಂ ಈ ಪೈಕಿ ಒಂದೂ ಅವುಗಳಲ್ಲಿರಲಿಲ್ಲ. 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹತ್ತೇ ನಿಮಿಷಕ್ಕೆ ಕರಗಿ ಹಸಿರು ಎಣ್ಣೆಯಾದವು. ಮುಕ್ಕಾಲು ಪಾಲು ಬರೀ ಕೊಬ್ಬಿನಾಮ್ಲ. ಜೀರ್ಣಕಿಣ್ವಗಳು ಆಲಿವ್ ಎಣ್ಣೆಯನ್ನು ಒಡೆದಾಗ ಬಿಡುಗಡೆಯಾದ ಕೊಬ್ಬಿನಾಮ್ಲಗಳು ನಿಂಬೆರಸದಲ್ಲಿ ಹೇರಳವಾಗಿರುವ ಪೊಟ್ಯಾಸಿಯಂ ಜೊತೆ ಕೂಡಿ ಹೊಟ್ಟೆಯೊಳಗೇ ಸಾಬೂನಾಗಿದ್ದವು ಎಂಬುದು ತಜ್ಞರ ವಿವರಣೆ. ಅಷ್ಟಕ್ಕೇ ಬಿಡದೆ, ಆಲಿವ್ ಎಣ್ಣೆಯ ಮುಖ್ಯ ಘಟಕವಾದ ಓಲಿಯಿಕ್ ಆಮ್ಲಕ್ಕೆ ಅಷ್ಟೇ ನಿಂಬೆರಸವನ್ನೂ ತುಸು ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನೂ ಬೆರೆಸಿ ಪ್ರಯೋಗಾಲಯದಲ್ಲಿ ಅಂಥದೇ ಮೆತ್ತನೆಯ, ಆದರೆ ಬಿಳಿಯ ಉಂಡೆಗಳನ್ನು ತಯಾರಿಸಿದರು. ಗಾಳಿಗೆ ಒಣಗಿದಾಗ ಅವು ಗಟ್ಟಿಯೂ ಆದವು. ಕುಡಿದ ಎಣ್ಣೆಯೇ ರೋಗದ ವೇಷದಲ್ಲಿ ಹೊರಬಂದಿತ್ತು! ಆಕೆಯ ಅಸಲಿ ಕಲ್ಲುಗಳನ್ನು ತೆಗೆಯಲು ಶಸ್ತ್ರಚಿಕಿತ್ಸೆಯೇ ಬೇಕಾಯಿತು.

ತೂಕದ ಕಥೆಯೂ ಹೀಗೆಯೇ. ಸ್ನಾಯು ಮತ್ತು ಯಕೃತ್ತಿನಲ್ಲಿ ಸುಮಾರು ಅರ್ಧ ಕಿಲೋ ಗ್ಲೈಕೋಜನ್ (ದೇಹ ಕೂಡಿಟ್ಟ ಸಕ್ಕರೆ) ಸಂಗ್ರಹವಿದ್ದು, ಅದರ ಪ್ರತಿ ಗ್ರಾಮಿಗೆ ಮೂರು ಗ್ರಾಮಿನಷ್ಟು ನೀರು ಅಂಟಿಕೊಂಡಿರುತ್ತದೆ. ಅರೆಹೊಟ್ಟೆಯಲ್ಲಿದ್ದಾಗ ಗ್ಲೈಕೋಜನ್ ಖರ್ಚಾಗಿ ಆ ನೀರು ಮೂತ್ರದ ದಾರಿ ಹಿಡಿಯುತ್ತದೆ, ತಕ್ಕಡಿಯ ಮುಳ್ಳು ಕೆಳಗಿಳಿಯುತ್ತದೆ. ಮತ್ತೆ ಮುದ್ದೆ, ಅನ್ನ ಉಣ್ಣತೊಡಗಿದರೆ ಇಳಿದ ತೂಕ ಹೋದಷ್ಟೇ ಬೇಗ ವಾಪಸಾಗುತ್ತದೆ.

ಡಿಟಾಕ್ಸ್ ನಂಬಿಕೆಯ ಹಿಂದಿರುವುದು ಯಕೃತ್ತನ್ನೂ ಮೂತ್ರಪಿಂಡವನ್ನೂ ಕಸ ಕಟ್ಟಿಕೊಂಡ ಜರಡಿಯಂತೆ ಭಾವಿಸುವ ಕಲ್ಪನೆ. ಆದರೆ ಯಕೃತ್ತು ವಿಷವನ್ನು ಕೂಡಿಡುವುದಕ್ಕಿಂತ ಹೆಚ್ಚಾಗಿ ಅದರ ರಾಸಾಯನಿಕ ಸ್ವರೂಪವನ್ನೇ ಬದಲಿಸುತ್ತದೆ. ವಿಷಕಾರಿ ಅಮೋನಿಯಾ ಅಲ್ಲಿ ಅಷ್ಟೇನೂ ಅಪಾಯವಿಲ್ಲದ ಯೂರಿಯಾ ಆಗುವ ಚಕ್ರವನ್ನು ವಿಜ್ಞಾನಿಗಳಾದ ಕ್ರೆಬ್ಸ್ ಮತ್ತು ಹೆನ್ಸೆಲೈಟ್ 1932ರಲ್ಲೇ ಬಿಡಿಸಿಟ್ಟರು. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬಹುಪಾಲನ್ನು ರಕ್ತಕ್ಕೆ ಮರಳಿಸುತ್ತವೆ.

ಕರುಳಿನಲ್ಲಿ ನಿಂತ ಮಲದಿಂದ ರಕ್ತವೆಲ್ಲ ವಿಷವಾಗುತ್ತದೆಂಬ ವಾದ ನೂರು ವರ್ಷಗಳ ಹಿಂದೆ ವೈದ್ಯರಲ್ಲೇ ಪ್ರಬಲವಾಗಿತ್ತು; ಲಂಡನ್ನಿನ ಪ್ರಸಿದ್ಧ ಶಸ್ತ್ರವೈದ್ಯ ಆರ್ಬತ್ನಾಟ್ ಲೇನ್ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. 1922ರಲ್ಲಿ ಡೊನಾಲ್ಡ್‌ಸನ್ ಎಂಬ ವೈದ್ಯರು ಕೆಲವರ ಗುದನಾಳದಲ್ಲಿ ಹತ್ತಿ ತುರುಕಿದಾಗ ತಲೆನೋವು, ಮಂಕು ಮುಂತಾದ ಮಲಬದ್ಧತೆಯ ಲಕ್ಷಣಗಳೇ ಕಾಣಿಸಿಕೊಂಡವು. ಹತ್ತಿಯಲ್ಲಿ ಯಾವ ವಿಷ? ಒತ್ತಡವೊಂದೇ ಸಾಕಾಗಿತ್ತು.

ರಸಗಳು ನಿರಪಾಯಕಾರಿ ಎಂಬ ನಂಬಿಕೆಯೇ ನನಗೆ ಹೆಚ್ಚು ಆತಂಕ ತರುವಂಥದ್ದು. ಕೊಲೆಸ್ಟರಾಲ್ ಇಳಿಯಲೆಂದು ಬಿಂಬುಳಿ ಎಂಬ ಹುಳಿಕಾಯಿಯ ಗಟ್ಟಿ ರಸ ಕುಡಿದ ಹತ್ತು ಮಂದಿಯ ಮೂತ್ರಪಿಂಡಗಳು ಹಠಾತ್ತನೆ ಕೆಟ್ಟದ್ದನ್ನು ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದರು. ಏಳು ಮಂದಿಗೆ ಡಯಾಲಿಸಿಸ್ ಮಾಡಬೇಕಾಯಿತು. ಕಾರಣ ಆ ಕಾಯಿಯಲ್ಲಿರುವ ಆಕ್ಸಲೇಟ್ ಎಂಬ ಲವಣ. ಸಾರಿಗೆ ಒಂದೆರಡು ಬಿಂಬುಳಿ ಹಾಕಿ ಉಣ್ಣುವ ಕರಾವಳಿಯವರು ಇದಕ್ಕೆ ಹೆದರಬೇಕಿಲ್ಲ. ಅಪಾಯವಿರುವುದು ಲೋಟಗಟ್ಟಲೆ ರಸದಲ್ಲಿ. ಕಹಿ ಸೋರೆಕಾಯಿಯ ರಸದಲ್ಲಿರುವ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ರಕ್ತವಾಂತಿ ತರಿಸಿ ರಕ್ತದೊತ್ತಡವನ್ನು ಕುಸಿಯುವಂತೆ ಮಾಡುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಸಾವುಗಳೂ ಸಂಭವಿಸಿದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತಜ್ಞರ ಸಮಿತಿಯೊಂದನ್ನು ರಚಿಸಿತು. ರಸ ತೆಗೆಯುವ ಮುನ್ನ ಕಾಯಿಯ ಚೂರೊಂದನ್ನು ನಾಲಿಗೆಗೆ ಇಟ್ಟು ನೋಡಬೇಕು, ಕಹಿಯೆನಿಸಿದರೆ ಇಡೀ ಕಾಯಿಯನ್ನು ಎಸೆಯಬೇಕು ಎಂಬುದು ಆ ಸಮಿತಿಯ ಸಲಹೆ.